ಡಿಶ್‌ವಾಷರ್‌ನ ಹೀಟ್ ಪಂಪ್ ಮನೆಯಲ್ಲೇ ಬದಲಾಯಿಸಿದ್ದು

ಮೊದಲು ಗಮನಿಸಿದ್ದು ಅಮ್ಮ. ಡಿಶ್‌ವಾಷರ್ ನಿಂತ ಮೇಲೆ ಬಾಗಿಲು ತೆಗೆದು ಪಾತ್ರೆ ಎತ್ತಿಡುವುದು ಅವರೇ. ಒಂದು ದಿನ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಹತ್ತಿರ ಬಂದರು.

"ಇದನ್ನ ಮುಟ್ಟಿ ನೋಡೇ. ಮುಂಚೆ ಎಲ್ಲ ಕೈ ಸುಡ್ತಿತ್ತು. ಈಗ ನಲ್ಲಿ ಕೆಳಗೆ ಹಿಡಿದು ತಂದ ಹಾಗಿದೆ."

ಮುಟ್ಟಿದೆ. ನಿಜ, ತಣ್ಣಗಿತ್ತು. ಒದ್ದೆಯೂ ಇತ್ತು. ಅಂಚಿನ ಮೇಲೆ ಬೆರಳು ಆಡಿಸಿದರೆ ಜಿಡ್ಡು ಹತ್ತಿತು. ಬಾಗಿಲಿನ ಒಳಗಿನ ಡಬ್ಬಿಯಲ್ಲಿ ಟ್ಯಾಬ್ಲೆಟ್ ಅರ್ಧ ಮಾತ್ರ ಕರಗಿ ಅಲ್ಲೇ ಅಂಟಿಕೊಂಡಿತ್ತು. ಮಿಷನ್ ಮಾತ್ರ ಎಂದಿನ ಹಾಗೇ ಓಡುತ್ತಿತ್ತು. ನೀರು ತುಂಬಿಕೊಳ್ಳುತ್ತಿತ್ತು, ಎರಚುತ್ತಿತ್ತು, ಕೊನೆಗೆ ನೀರು ಹೊರಗೆ ಹಾಕಿ ನಿಲ್ಲುತ್ತಿತ್ತು. ಸದ್ದಿನಲ್ಲೂ ವ್ಯತ್ಯಾಸ ಇರಲಿಲ್ಲ. ಹಾಗಾಗಿಯೇ ನನಗೆ ಅಲ್ಲಿಯವರೆಗೆ ಗೊತ್ತಾಗಿರಲಿಲ್ಲ.

ಮೊದಲ ಒಂದು ವಾರ ತಪ್ಪು ಜಾಗದಲ್ಲಿ ಹುಡುಕಿದೆ. ಫಿಲ್ಟರ್ ಬಿಚ್ಚಿ ಬ್ರಷ್ ಹಾಕಿ ತೊಳೆದೆ. ನೀರು ಎರಚುವ ರೆಕ್ಕೆಗಳ ತೂತುಗಳಲ್ಲಿ ಕಡ್ಡಿ ಹಾಕಿ ಚೊಕ್ಕಟ ಮಾಡಿದೆ. ಬೇರೆ ಟ್ಯಾಬ್ಲೆಟ್ ತಂದೆ. ಯಾವುದರಿಂದಲೂ ಏನೂ ಆಗಲಿಲ್ಲ. ಎಂಟನೇ ದಿನ ಮಿಷನ್ ಮಧ್ಯದಲ್ಲೇ ನಿಂತು ಎರರ್ ಕೋಡ್ ತೋರಿಸಿತು. ಜೊತೆಗೆ ಬಂದಿದ್ದ ಪುಸ್ತಕದಲ್ಲಿ ಆ ಕೋಡಿನ ಎದುರು ನೀರು ಬಿಸಿಯಾಗುತ್ತಿಲ್ಲ, ಸರ್ವಿಸ್‌ನವರನ್ನು ಕರೆಯಿರಿ ಅಂತ ಒಂದೇ ಸಾಲು ಇತ್ತು.

ಕರೆದೆವು. ಬಂದವರು ಕೆಳಗಿನ ಪಟ್ಟಿಯನ್ನೂ ತೆಗೆಯಲಿಲ್ಲ. ಎರಡು ಬಟನ್ ಒತ್ತಿ ನೋಡಿ, "ಬೋರ್ಡ್ ಹೋಗಿರಬಹುದು, ಇಲ್ಲ ಪಂಪ್ ಹೋಗಿರಬಹುದು. ಎರಡೂ ಹಾಕಿಸಬೇಕು. ಎಂಟು ವರ್ಷದ ಮಿಷನ್ ಅಲ್ವಾ, ಹೊಸದೇ ತಗೊಳ್ಳಿ" ಅಂದು ಹೊರಟರು. ನನಗೆ ಬೇಜಾರಾಯಿತು. ಸ್ಟೀಲ್ ಒಳಮೈಗೆ ಒಂದು ಗೀರಿಲ್ಲ, ಮೋಟರ್ ಚೆನ್ನಾಗಿದೆ, ಬಾಗಿಲು ಗಟ್ಟಿಯಾಗಿದೆ. ಅಷ್ಟು ದೊಡ್ಡ ಯಂತ್ರವನ್ನು ಒಂದು ಊಹೆಯ ಮೇಲೆ ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ಮಾವನಿಗೆ ಫೋನ್ ಮಾಡಿದೆ. ಮೋಟರ್ ವೈಂಡಿಂಗ್ ಮಾಡುತ್ತಲೇ ತಲೆ ಬೆಳ್ಳಗಾದವರು ಅವರು. ನಾನು ಹೇಳಿದ್ದೆಲ್ಲ ಕೇಳಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಅಳೆದು ನೋಡಿದ್ರೇನಮ್ಮಾ ಯಾರಾದ್ರೂ?"

ಯಾರೂ ಅಳೆದಿರಲಿಲ್ಲ.

"ಹಾಗಾದ್ರೆ ಹಾಳಾಗಿರೋದು ಯಾವುದು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಮೊದಲು ಮೀಟರ್ ಹಿಡಿ."

ಇಲ್ಲಿ ಹೆಸರಿನ ಬಗ್ಗೆ ಒಂದು ಮಾತು ಹೇಳಬೇಕು, ನಾನೇ ಇದರಿಂದ ಗೊಂದಲಕ್ಕೆ ಬಿದ್ದಿದ್ದೆ. ಹೀಟ್ ಪಂಪ್ ಅಂದರೆ ಸಾಮಾನ್ಯವಾಗಿ ಫ್ರಿಜ್, ಏಸಿಗಳಲ್ಲಿ ಇರುವಂಥದ್ದು. ಗ್ಯಾಸು, ಕಂಪ್ರೆಸರ್ ಇಟ್ಟುಕೊಂಡು ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಯಂತ್ರ. ಅಂಥದ್ದಿರುವ ಡಿಶ್‌ವಾಷರ್‌ಗಳೂ ಇವೆ, ಆದರೆ ಕಡಿಮೆ. ಬಿಡಿಭಾಗಗಳ ಪಟ್ಟಿಯಲ್ಲಿ ಹೀಟ್ ಪಂಪ್ ಅಂತ ಕಾಣುವುದು ಸಾಮಾನ್ಯವಾಗಿ ಬೇರೆಯೇ ವಸ್ತು. ನೀರನ್ನು ಎರಚುವ ಪಂಪ್ ಮತ್ತು ನೀರು ಕಾಯಿಸುವ ಹೀಟರ್, ಎರಡೂ ಒಂದೇ ದೇಹದಲ್ಲಿ. ಹಳೆಯ ಮಿಷನ್‌ಗಳಲ್ಲಿ ತಳದಲ್ಲಿ ಬಳೆಯ ಹಾಗೆ ಹೀಟರ್ ಕಾಣಿಸುತ್ತಿತ್ತು. ಈಗಿನ ಬಹಳಷ್ಟರಲ್ಲಿ ಅದು ಕಾಣುವುದೇ ಇಲ್ಲ. ನೀರು ಪಂಪಿನೊಳಗೆ ಸುತ್ತುವಾಗಲೇ ಬಿಸಿಯಾಗಿ ಮೇಲೆ ಹೋಗುತ್ತದೆ. ಇದರಿಂದ ಕಡಿಮೆ ನೀರು ಸಾಕು, ಬೇಗ ಕಾಯುತ್ತದೆ. ತೊಂದರೆ ಏನೆಂದರೆ ಹೀಟರ್ ಕೆಟ್ಟರೂ ಪಂಪನ್ನೇ ಬದಲಾಯಿಸಬೇಕು, ಪಂಪ್ ಕೆಟ್ಟರೂ ಹೀಟರ್ ಜೊತೆಗೇ ಹೋಗುತ್ತದೆ. ನನಗೆ ಈ ಜೋಡಣೆ ಇಷ್ಟವಿಲ್ಲ. ಎರಡನ್ನೂ ಬೇರೆ ಬೇರೆ ಬಿಚ್ಚುವಂತೆ ಮಾಡಬಹುದಿತ್ತು.

ಹೀಟರ್ ಒಂದು ಹೋದರೆ ಪಾತ್ರೆ ಯಾಕೆ ಒದ್ದೆ ಉಳಿಯಬೇಕು? ಇದೂ ನನಗೆ ಆಗಲೇ ಅರ್ಥವಾಗಿದ್ದು. ನಮ್ಮ ಮಿಷನ್‌ನಲ್ಲಿ ಒಣಗಿಸಲು ಬೇರೆ ಫ್ಯಾನ್ ಇಲ್ಲ. ಕೊನೆಯ ಜಾಲಾಡುವಿಕೆಯಲ್ಲಿ ನೀರನ್ನು ಚೆನ್ನಾಗಿ ಕಾಯಿಸಿ ಪಾತ್ರೆಗಳನ್ನೇ ಬಿಸಿ ಮಾಡುತ್ತದೆ. ಆ ಬಿಸಿಗೆ ಪಾತ್ರೆಯ ಮೇಲಿನ ನೀರು ಆವಿಯಾಗಿ, ತಣ್ಣಗಿರುವ ಸ್ಟೀಲ್ ಗೋಡೆಗೆ ತಗುಲಿ, ಹನಿಯಾಗಿ ಕೆಳಗಿಳಿಯುತ್ತದೆ. ಪಿಂಗಾಣಿ, ಗಾಜು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತವೆ, ಬೇಗ ಒಣಗುತ್ತವೆ. ತೆಳು ಪ್ಲಾಸ್ಟಿಕ್ ಡಬ್ಬಿ ಹಿಡಿದಿಟ್ಟುಕೊಳ್ಳುವುದಿಲ್ಲ, ಅದಕ್ಕೇ ಅದರಲ್ಲಿ ಯಾವಾಗಲೂ ನೀರು ನಿಂತಿರುತ್ತದೆ. ಕೊನೆಯ ನೀರು ತಣ್ಣಗಿದ್ದರೆ ಈ ಸಾಲಿನಲ್ಲಿ ಏನೂ ನಡೆಯುವುದಿಲ್ಲ. ಅಮ್ಮ ತಟ್ಟೆ ಮುಟ್ಟಿ ಹೇಳಿದ್ದು ಎರರ್ ಕೋಡಿಗಿಂತ ಒಂದು ವಾರ ಮುಂಚೆಯೇ ಸರಿಯಾಗಿತ್ತು.

ಬಿಚ್ಚುವ ಮೊದಲು ಎರಡು ಪರೀಕ್ಷೆ ಮಾಡಿದೆ. ಎರಡಕ್ಕೂ ಸ್ಕ್ರೂಡ್ರೈವರ್ ಬೇಡ. ಮೊದಲನೆಯದು, 70 ಡಿಗ್ರಿಯ ಪ್ರೋಗ್ರಾಂ ಹಾಕಿ ಅರ್ಧ ಗಂಟೆ ಬಿಟ್ಟು ಬಾಗಿಲನ್ನು ನಿಧಾನಕ್ಕೆ ತೆಗೆದೆ. ಮುಖಕ್ಕೆ ಹಬೆ ಹೊಡೆಯಬೇಕಿತ್ತು. ಏನೂ ಬರಲಿಲ್ಲ. ಎರಡನೆಯದು, ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಹಾಕುವ ಚಿಕ್ಕ ಕರೆಂಟ್ ಮೀಟರ್. ನೀರು ಕಾಯುವಾಗ ಡಿಶ್‌ವಾಷರ್ 2000 ವಾಟ್ ಆಸುಪಾಸು ಎಳೆಯಬೇಕು. ನಮ್ಮದು ಪೂರ್ತಿ ಸುತ್ತಿನಲ್ಲಿ ಒಮ್ಮೆಯೂ 100 ದಾಟಲಿಲ್ಲ. ಅಂದರೆ ಮೋಟರ್ ಓಡುತ್ತಿದೆ, ಹೀಟರ್‌ಗೆ ಕರೆಂಟ್ ಹೋಗುತ್ತಿಲ್ಲ, ಅಥವಾ ಹೋದರೂ ದಾರಿ ಕಡಿದಿದೆ.

ಈ ಎರಡರಲ್ಲಿ ಯಾವುದು ಅನ್ನುವುದೇ ಮುಖ್ಯ ಪ್ರಶ್ನೆ. ಹೀಟರ್‌ಗೆ ಕರೆಂಟ್ ಬಿಡುವುದು ಕಂಟ್ರೋಲ್ ಬೋರ್ಡ್ ಮೇಲಿನ ರಿಲೇ. ಅದರ ಬೆಸುಗೆ ಸುಟ್ಟು ಹೋಗಿದ್ದರೂ ಇದೇ ಲಕ್ಷಣ, ಇದೇ ಎರರ್ ಕೋಡ್. ನೀರಿನ ಬಿಸಿ ಅಳೆಯುವ ಸೆನ್ಸರ್ ತಪ್ಪು ಲೆಕ್ಕ ಕೊಟ್ಟರೂ ಮಿಷನ್ ಹೀಟರ್ ಹಾಕುವುದಿಲ್ಲ. ಸುಮ್ನೆ ಪಂಪ್ ತಂದು ಹಾಕಿ, ಆಮೇಲೆ ತಪ್ಪು ಬೋರ್ಡಿನದು ಅಂತ ಗೊತ್ತಾದರೆ? ಒಮ್ಮೆ ಬಳಸಿದ ಭಾಗವನ್ನು ಯಾರೂ ವಾಪಸ್ ತಗೊಳ್ಳುವುದಿಲ್ಲ.

ಹಾಗಾಗಿ ಒಂದು ಭಾನುವಾರ ಬೆಳಗ್ಗೆ ತಮ್ಮನನ್ನು ಕೂಡಿಸಿಕೊಂಡು ಕೆಲಸಕ್ಕೆ ಇಳಿದೆ. ಪ್ಲಗ್ ಕಿತ್ತು, ಅದರ ತುದಿಯನ್ನು ನನ್ನ ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟೆ. ಸ್ವಿಚ್ ಆಫ್ ಮಾಡಿದರೆ ಸಾಲದು. ನೀರಿನ ನಲ್ಲಿ ತಿರುಗಿಸಿ ಬಂದ್ ಮಾಡಿದೆ. ಫಿಲ್ಟರ್ ತೆಗೆದು ಕೆಳಗಿನ ಗುಂಡಿಯಲ್ಲಿ ನಿಂತಿದ್ದ ನೀರನ್ನು ಸ್ಪಂಜಿನಿಂದ ಹೀರಿ ಹೀರಿ ಬಕೆಟ್ಟಿಗೆ ಹಿಂಡಿದೆ. ಇದಕ್ಕೆ ದಪ್ಪ ಗ್ಲೌಸ್ ಹಾಕಿಕೊಳ್ಳಿ. ಆ ಗುಂಡಿಯಲ್ಲಿ ಗಾಜಿನ ಚೂರು ಇರುತ್ತವೆ, ನನಗೂ ಒಂದು ಸಿಕ್ಕಿತು.

ಆಮೇಲೆ ಮೇಲಿನ ಕಲ್ಲಿಗೆ ಹಿಡಿದಿದ್ದ ಎರಡು ಸ್ಕ್ರೂ ಬಿಚ್ಚಿ, ಕಾಲುಗಳನ್ನು ತಿರುಗಿಸಿ ತಗ್ಗಿಸಿ, ಮಿಷನ್ನನ್ನು ಎಳೆದೆವು. ಪೂರ್ತಿ ಹೊರಗೆ ಬರುವ ಮುಂಚೆಯೇ ತಮ್ಮ ಹಿಂದೆ ಕೈ ಹಾಕಿ, "ಅಕ್ಕಾ ನಿಲ್ಲು, ಪೈಪ್ ಎಳೀತಿದೆ" ಅಂದ. ನೀರು ಬರುವ ಪೈಪು, ಕೊಳೆ ನೀರು ಹೋಗುವ ಪೈಪು ಎರಡನ್ನೂ ಅಲ್ಲೇ ಬಿಚ್ಚಿದೆವು. ತುದಿಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದೆವು. ಒಳಗಿನ ಟ್ರೇ, ರೆಕ್ಕೆ ಎಲ್ಲ ಮೊದಲೇ ತೆಗೆದಿಟ್ಟಿದ್ದೆವು. ನೆಲದ ಮೇಲೆ ಹಳೆಯ ಕಂಬಳಿ ಹಾಸಿ, ಬಾಗಿಲನ್ನು ಟೇಪಿನಿಂದ ಬಿಗಿದು, ಮಿಷನ್ನನ್ನು ಬೆನ್ನ ಮೇಲೆ ಮಲಗಿಸಿದೆವು. ಎಷ್ಟೇ ಹೀರಿದರೂ ಅಲ್ಲಿ ಇಲ್ಲಿ ಉಳಿದಿದ್ದ ನೀರು ಹರಿಯಿತು. ಬಟ್ಟೆ ಜಾಸ್ತಿಯೇ ಇಟ್ಟುಕೊಂಡಿರಿ.

ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಸುತ್ತ ಸ್ಕ್ರೂಗಳು. ತೆಗೆದಾಗ ಅದು ನೇರ ಕೈಗೆ ಬರುವುದಿಲ್ಲ. ಅದರೊಳಗೆ ಥರ್ಮಾಕೋಲ್ ತುಂಡೊಂದು ಇದೆ, ಅದರ ಮೇಲೆ ಚಿಕ್ಕ ಸ್ವಿಚ್, ಸ್ವಿಚ್ಚಿಗೆ ಎರಡು ವೈರ್. ಎಲ್ಲಾದರೂ ನೀರು ಸೋರಿ ತಟ್ಟೆಯಲ್ಲಿ ನಿಂತರೆ ಥರ್ಮಾಕೋಲ್ ತೇಲಿ ಸ್ವಿಚ್ ಒತ್ತುತ್ತದೆ, ಮಿಷನ್ ನಿಲ್ಲುತ್ತದೆ. ಆ ವೈರ್ ಕಿತ್ತು ಬರುವ ಹಾಗೆ ಎಳೆಯಬಾರದು. ಮೆಲ್ಲಗೆ ಒಂದು ಗೇಣು ಎತ್ತಿ, ಕನೆಕ್ಟರ್ ಕಳಚಿ, ಆಮೇಲೆ ತೆಗೆಯಬೇಕು. ಈ ಥರ್ಮಾಕೋಲ್ ತುಂಡು ಮುಂದೆ ನಮಗೆ ಬಹಳ ಉಪಕಾರ ಮಾಡಿತು.

ಹೀಟ್ ಪಂಪ್ ಎದುರಿಗೇ ಕಂಡಿತು. ದೊಡ್ಡ ಬಟ್ಟಲಿನ ಗಾತ್ರ. ಒಂದು ಕಡೆ ಕಪ್ಪು ಮೋಟರ್, ನಡುವೆ ಹೀಟರ್ ಇರುವ ದೇಹ, ಇನ್ನೊಂದು ಕಡೆ ದಪ್ಪ ರಬ್ಬರ್ ಮೂಲಕ ಗುಂಡಿಗೆ ಸೇರಿಕೊಂಡಿದೆ. ಕೆಳಗೆ ಬೀಳದಂತೆ ಒಂದು ರಬ್ಬರ್ ಪಟ್ಟಿಯಲ್ಲಿ ತೂಗಿಬಿಟ್ಟಿದ್ದಾರೆ, ನಡುಕ ಹೊರಗೆ ಬರದಿರಲಿ ಅಂತ. ಏನನ್ನೂ ಮುಟ್ಟುವ ಮೊದಲು ತಮ್ಮ ಫೋನಿನಲ್ಲಿ ಹತ್ತಿಪ್ಪತ್ತು ಫೋಟೋ ತೆಗೆದ. ಪ್ರತಿ ವೈರೂ ಯಾವ ಕಡೆಯಿಂದ ಬರುತ್ತದೆ, ಯಾವ ಕೊಕ್ಕೆಯಲ್ಲಿ ಕೂತಿದೆ ಎಲ್ಲ ಕಾಣುವ ಹಾಗೆ.

ಈಗ ಅಳತೆ. ಹೀಟರ್‌ನ ಕನೆಕ್ಟರ್ ಕಳಚಿದೆ. ಕಳಚದೆ ಅಳೆದರೆ ಬೋರ್ಡಿನ ಮೂಲಕ ಬೇರೆ ದಾರಿ ಸಿಕ್ಕಿ ಸುಳ್ಳು ಲೆಕ್ಕ ಬರುತ್ತದೆ. ಮೀಟರನ್ನು ಓಮ್ಸ್‌ಗೆ, ಅಂದರೆ ಕರೆಂಟ್ ಹರಿವಿಗೆ ಇರುವ ತಡೆ (ರೆಸಿಸ್ಟೆನ್ಸ್) ಅಳೆಯುವ ಕಡೆಗೆ ತಿರುಗಿಸಿ ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ನೋಡಿದೆ, 0.3. ಅಂದರೆ ಮೀಟರ್ ಸರಿಯಾಗಿದೆ. ಎಷ್ಟು ಬರಬೇಕು ಅನ್ನುವ ಲೆಕ್ಕವನ್ನು ಮಾವ ಫೋನಿನಲ್ಲೇ ಮಾಡಿಸಿದ್ದರು. ವೋಲ್ಟೇಜನ್ನು ಅದರಿಂದಲೇ ಗುಣಿಸಿ ವಾಟ್‌ನಿಂದ ಭಾಗಿಸಬೇಕು. 230 ಸಲ 230 ಅಂದರೆ 52,900. ಅದನ್ನು 2000ದಿಂದ ಭಾಗಿಸಿದರೆ 26 ಚಿಲ್ಲರೆ. 2400 ವಾಟ್ ಹೀಟರ್ ಆದರೆ 22. ಹಾಗಾಗಿ 20ರಿಂದ 30ರೊಳಗೆ ಏನು ಬಂದರೂ ಹೀಟರ್ ಬದುಕಿದೆ ಅಂತ ಅರ್ಥ.

ಕಡ್ಡಿಗಳನ್ನು ಹೀಟರ್‌ನ ಎರಡು ಪಿನ್ನಿಗೆ ಇಟ್ಟೆ. ಮೀಟರ್ ಕದಲಲಿಲ್ಲ. ಓಎಲ್ ಅಂತ ಎರಡಕ್ಷರ ಹಾಗೇ ನಿಂತಿತ್ತು. ಪಿನ್ನನ್ನು ಉಜ್ಜಿ ಮತ್ತೆ ಇಟ್ಟೆ. ಅದೇ. ದಾರಿ ಒಳಗೆಲ್ಲೋ ಕಡಿದಿದೆ.

ಅಲ್ಲಿಗೇ ನಿಲ್ಲಿಸಲಿಲ್ಲ. ಸೆನ್ಸರ್‌ನ ಪಿನ್ನುಗಳನ್ನೂ ಅಳೆದೆ. ಕಿಲೋ ಓಮ್ಸ್‌ನಲ್ಲಿ ಬಂತು. ಹೇರ್ ಡ್ರೈಯರ್‌ನಿಂದ ದೂರದಿಂದ ಬಿಸಿಗಾಳಿ ಬಿಟ್ಟಾಗ ಅಂಕಿ ನಿಧಾನಕ್ಕೆ ಇಳಿಯಿತು. ಇಂಥ ಸೆನ್ಸರ್‌ಗಳ ಸ್ವಭಾವವೇ ಅದು, ಬಿಸಿ ಏರಿದ ಹಾಗೆ ರೆಸಿಸ್ಟೆನ್ಸ್ ಇಳಿಯಬೇಕು. ಮೋಟರ್‌ಗೆ ಮೂರು ವೈರ್. ಎರಡೆರಡರ ನಡುವೆ ಅಳೆದರೆ ಮೂರು ಸಲವೂ ಒಂದೇ ಅಂಕಿ. ಮೋಟರ್ ಸರಿ, ಸೆನ್ಸರ್ ಸರಿ, ಹೀಟರ್ ಒಂದೇ ಹೋಗಿದೆ.

ಬೋರ್ಡನ್ನೂ ನೋಡಬೇಕು ಅಂತ ಮಾವ ಹೇಳಿದ್ದರು. ಹೀಟರ್ ಸಾಯುವಾಗ ಕೆಲವೊಮ್ಮೆ ರಿಲೇಯನ್ನೂ ಜೊತೆಗೆ ಕರೆದೊಯ್ಯುತ್ತದೆ. ಡಬ್ಬಿ ತೆಗೆದು ಟಾರ್ಚ್ ಹಾಕಿ ನೋಡಿದೆವು. ರಿಲೇಯ ಕೆಳಗಿನ ಬೆಸುಗೆ ಹೊಳೆಯುತ್ತಿತ್ತು, ಕಪ್ಪು ಉಂಗುರ ಎಲ್ಲೂ ಇರಲಿಲ್ಲ. "ಎರಡೂ ಹಾಕಿಸಬೇಕು" ಅಂದಿದ್ದರಲ್ಲ, ಅದರಲ್ಲಿ ಒಂದು ಅಲ್ಲೇ ತಪ್ಪಿತು.

ಭಾಗ ತರಿಸುವಾಗ ಒಂದು ಎಚ್ಚರಿಕೆ. ಮಿಷನ್ ನೋಡಲು ಒಂದೇ ಥರ ಇದ್ದರೂ ಒಳಗಿನ ಪಂಪ್ ವರ್ಷದಿಂದ ವರ್ಷಕ್ಕೆ ಬದಲಾಗಿರುತ್ತದೆ. ಬಾಗಿಲಿನ ಅಂಚಿನ ಲೇಬಲ್‌ನಲ್ಲಿ ಮಾಡೆಲ್ ನಂಬರ್ ಪೂರ್ತಿ ಇರುತ್ತದೆ. ಗೆರೆ ಹಾಕಿ ಕೊನೆಯಲ್ಲಿ ಬರೆದ ಎರಡಂಕಿ ಇದ್ದರೆ ಅದನ್ನೂ ಸೇರಿಸಿ ಬರೆದುಕೊಳ್ಳಬೇಕು. ಪಂಪಿನ ಮೇಲೂ ಬೇರೆ ನಂಬರ್ ಅಚ್ಚಾಗಿರುತ್ತದೆ. ನಾನು ಎರಡನ್ನೂ ಕೊಟ್ಟೆ. ಹಳೆಯ ನಂಬರಿನ ಬದಲು ಹೊಸ ನಂಬರ್ ಬಂದಿದೆ, ಇದು ನಿಮ್ಮ ಮಿಷನ್ನಿಗೆ ಕೂರುತ್ತದೆ ಅಂತ ಖಚಿತ ಮಾಡಿಕೊಂಡ ಮೇಲೆಯೇ ತರಿಸಿದೆ. ರಬ್ಬರ್ ಸೀಲುಗಳನ್ನೂ ಜೊತೆಗೆ ಕೇಳಿ ತರಿಸಿದೆ. ಎಂಟು ವರ್ಷ ಬಿಸಿನೀರಲ್ಲಿ ಬೆಂದ ರಬ್ಬರನ್ನು ಹೊಸ ಪಂಪಿಗೆ ಹಾಕಬಾರದು.

ಪೊಟ್ಟಣ ಬಂದ ದಿನ ಮೊದಲ ಕೆಲಸ, ಹೊಸ ಹೀಟರನ್ನು ಅಳೆದದ್ದು. 24 ಓಮ್ಸ್. ಲೆಕ್ಕ ಹಾಕಿದರೆ 2200 ವಾಟ್. ಮಾವ ಅಷ್ಟಕ್ಕೆ ಬಿಡಲಿಲ್ಲ. ಮೆಗ್ಗರ್, ಅಂದರೆ ಹೆಚ್ಚು ವೋಲ್ಟ್ ಕೊಟ್ಟು ಕರೆಂಟ್ ಸೋರಿಕೆ ಅಳೆಯುವ ಮೀಟರ್, ತೆಗೆದುಕೊಂಡು ತಾವೇ ಬಂದರು. ಕೈ ಮೀಟರ್ ಕೆಲವೇ ವೋಲ್ಟ್‌ನಲ್ಲಿ ಅಳೆಯುತ್ತದೆ. ಹೀಟರ್‌ನಿಂದ ಲೋಹದ ದೇಹಕ್ಕೆ ಕರೆಂಟ್ ಸೋರುತ್ತದೆಯಾ ಅಂತ ನೋಡಲು 500 ವೋಲ್ಟ್ ಬೇಕು. ಹೊಸದರಲ್ಲಿ ಸೋರಿಕೆ ಇರಲಿಲ್ಲ. ಡಿಶ್‌ವಾಷರ್ ಹಾಕಿದಾಗ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಿದ್ದರೆ ಈ ಪರೀಕ್ಷೆಯನ್ನು ಹಳೆಯದರ ಮೇಲೂ ಮಾಡಲೇಬೇಕು. ಅಂಥ ಮಿಷನ್ನನ್ನು ಮತ್ತೆ ಮತ್ತೆ ಹಾಕಿ ನೋಡುವುದು ಅಪಾಯ.

ಹಳೆಯ ಪಂಪ್ ಕೀಳುವುದು ನಾನು ಅಂದುಕೊಂಡಿದ್ದಕ್ಕಿಂತ ಸುಲಭವಾಗಿತ್ತು. ರಬ್ಬರ್ ಪಟ್ಟಿ ಬಿಡಿಸಿ, ಮೇಲೆ ನೀರು ಹೋಗುವ ಕಡೆಯ ಕ್ಲಿಪ್ ಸಡಿಲಿಸಿ, ಪಂಪನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತ ಎಳೆದೆ. ಪಚಕ್ ಅಂತ ಬಂತು. ಒಂದು ಲೋಟದಷ್ಟು ಕೊಳೆ ನೀರು ಕಂಬಳಿಗೆ ಬಿತ್ತು.

ಅದನ್ನು ಮೇಜಿನ ಮೇಲಿಟ್ಟು ಬಿಚ್ಚಿ ನೋಡದೆ ಇರಲಾಗಲಿಲ್ಲ. ನಮ್ಮ ಪಂಪಿನ ಹೀಟರ್‌ನಲ್ಲಿ ತಂತಿಯ ಸುರುಳಿ ಇಲ್ಲ. ಸ್ಟೀಲಿನ ಬಳೆಯಂಥ ಕೊಳವೆ, ಒಳಮೈಗೆ ನೀರು ತಾಗುತ್ತದೆ, ಹೊರಮೈ ಮೇಲೆ ತೆಳುವಾದ ಪಟ್ಟೆಗಳನ್ನು ಅಚ್ಚು ಹಾಕಿದ್ದಾರೆ. ಕರೆಂಟ್ ಹರಿಯುವುದು ಆ ಪಟ್ಟೆಗಳಲ್ಲಿ. ಭೂತಗನ್ನಡಿ ಹಿಡಿದು ಪಟ್ಟೆಯ ಉದ್ದಕ್ಕೂ ಬಂದೆ. ಒಂದು ಕಡೆ ಎಳ್ಳಿನ ಗಾತ್ರದ ಕಪ್ಪು ಚುಕ್ಕೆ. ಅದರ ನಡುವೆ ಕೂದಲೆಳೆಯಷ್ಟು ಸೀಳು. ಇಷ್ಟೇ. ಇಡೀ ಮಿಷನ್ ನಿಂತದ್ದು ಈ ಸೀಳಿನಿಂದ.

ಕೊಳವೆಯನ್ನು ತಿರುಗಿಸಿ ಒಳಗೆ ನೋಡಿದೆ. ಆ ಚುಕ್ಕೆಯ ಬೆನ್ನಿಗೇ, ಒಳಮೈ ಮೇಲೆ, ಬಿಳಿ ಗಾರೆ ಹಾಕಿದ ಹಾಗೆ ಸುಣ್ಣದ ಪದರ ಕಟ್ಟಿತ್ತು. ಉಗುರಿನಿಂದ ಕೆರೆದರೆ ಚಕ್ಕೆ ಎದ್ದು ಬಂತು. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಬೇರೆಯಾಗಿ, ಎಲ್ಲಕ್ಕಿಂತ ಬಿಸಿಯಾಗಿರುವ ಜಾಗಕ್ಕೆ ಹೋಗಿ ಅಂಟುತ್ತದೆ. ಸುಣ್ಣದ ಪದರ ಶಾಖವನ್ನು ನೀರಿಗೆ ದಾಟಲು ಬಿಡುವುದಿಲ್ಲ. ದಾಟದ ಶಾಖ ಪಟ್ಟೆಯಲ್ಲೇ ಉಳಿದು ಅದನ್ನೇ ಸುಡುತ್ತದೆ.

ಎದ್ದು ಹೋಗಿ ಮಿಷನ್‌ನ ಉಪ್ಪಿನ ಡಬ್ಬಿಯ ಮುಚ್ಚಳ ತಿರುಗಿಸಿದೆ. ಒಳಗೆ ಬರೀ ನೀರು. ಒಂದು ಹರಳು ಉಪ್ಪಿಲ್ಲ. ಟ್ಯಾಬ್ಲೆಟ್ ಪೊಟ್ಟಣದ ಮೇಲೆ ಎಲ್ಲವೂ ಒಂದರಲ್ಲೇ ಇದೆ ಅಂತ ಬರೆದಿದ್ದನ್ನು ನಂಬಿ, ಉಪ್ಪಿನ ದೀಪ ಹತ್ತಿದ್ದರೂ ತಿಂಗಳುಗಟ್ಟಲೆ ಹಾಗೇ ಬಿಟ್ಟಿದ್ದೆ. ಈ ಹೀಟರ್ ಸತ್ತದ್ದು ನನ್ನ ಆ ಅಸಡ್ಡೆಯಿಂದ. ಉಪ್ಪು ಪಾತ್ರೆ ತೊಳೆಯಲು ಅಲ್ಲ, ನೀರನ್ನು ಮೆದು ಮಾಡುವ ರಾಳದ ಹರಳುಗಳನ್ನು ತೊಳೆಯಲು. ಆ ಹರಳುಗಳು ನೀರಿನಿಂದ ಸುಣ್ಣದ ಅಂಶ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಸ್ವಲ್ಪ ದಿನಕ್ಕೆ ಹಿಡಿದುಕೊಂಡದ್ದೇ ತುಂಬಿಹೋಗುತ್ತದೆ. ಉಪ್ಪುನೀರು ಹರಿಸಿದರೆ ಮತ್ತೆ ಖಾಲಿಯಾಗುತ್ತವೆ. ಉಪ್ಪಿಲ್ಲದೆ ಅವು ಇದ್ದೂ ಇಲ್ಲದ ಹಾಗೆ.

ಹೊಸ ಪಂಪ್ ಕೂರಿಸುವಾಗ ರಬ್ಬರ್ ಸೀಲೇ ಕಷ್ಟ. ಒಣಗಿದ್ದರೆ ಅದು ಅರ್ಧಕ್ಕೆ ಹೋಗಿ ಮಡಚಿಕೊಳ್ಳುತ್ತದೆ. ಎಣ್ಣೆ, ಗ್ರೀಸ್ ಹಚ್ಚಬೇಡಿ, ಇಂಥ ರಬ್ಬರ್ ಎಣ್ಣೆಗೆ ಊದಿಕೊಳ್ಳುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ನೀರಿಗೆ ಹಾಕಿ ಸವರಿದೆ. ಗುಂಡಿಯ ಕಡೆಯ ಸೀಲ್ ಜಾರಿಕೊಂಡು ಹೋಗಿ ಸುತ್ತಲೂ ಸಮನಾಗಿ ಕೂತಿತು. ಮೇಲಿನ ಕಡೆಯದು ಕೈಗೆ ಸರಿಯಾಗಿ ಸಿಗುವ ಜಾಗದಲ್ಲಿರಲಿಲ್ಲ. ಒತ್ತಿದೆ, ಕೂತಿತು ಅನ್ನಿಸಿತು, ಕ್ಲಿಪ್ ಹಾಕಿದೆ. ಫೋಟೋ ನೋಡಿಕೊಂಡು ವೈರುಗಳನ್ನು ಅದದೇ ಕೊಕ್ಕೆಯಲ್ಲಿ ಕೂರಿಸಿದೆವು. ಕನೆಕ್ಟರ್‌ಗಳು ಟಕ್ ಅನ್ನುವವರೆಗೆ ಒತ್ತಬೇಕು. ಹೀಟರ್‌ನ ಕನೆಕ್ಟರ್‌ನಲ್ಲಿ 10 ಆಂಪಿಯರ್‌ವರೆಗೆ ಹರಿಯುತ್ತದೆ, ಸಡಿಲವಾದರೆ ಅಲ್ಲೇ ಕಾದು ಕರಗುತ್ತದೆ. ಅರ್ತ್ ವೈರನ್ನು ಮಾವ ತಾವೇ ಎಳೆದು ನೋಡಿದರು.

ಕರೆಂಟ್ ಕೊಡುವ ಮೊದಲು ಮಿಷನ್ನನ್ನು ನಿಲ್ಲಿಸಿ, ತಳದ ತಟ್ಟೆಗೆ ಒಣ ಟಿಶ್ಯೂ ಹಾಸಿ, ಜಗ್ಗಿನಿಂದ ಎರಡು ಲೀಟರ್ ನೀರು ಒಳಗೆ ಸುರಿದೆವು. ಹತ್ತು ನಿಮಿಷ ಕಾದೆವು. ಟಿಶ್ಯೂ ಒಣಗೇ ಇತ್ತು. ಖುಷಿಯಾಯಿತು. ಪೈಪ್ ಜೋಡಿಸಿ, ಪ್ಲಗ್ ಹಾಕಿ, ಚಿಕ್ಕ ಪ್ರೋಗ್ರಾಂ ಶುರು ಮಾಡಿದೆವು.

ಆರೇ ನಿಮಿಷ. ಮಿಷನ್ ತೊಳೆಯುವುದನ್ನು ನಿಲ್ಲಿಸಿ, ನೀರು ಹೊರಗೆ ಹಾಕುವ ಪಂಪನ್ನು ಬಿಡದೆ ಓಡಿಸತೊಡಗಿತು. ಬೇರೆ ಎರರ್ ಕೋಡ್. ಅಮ್ಮ ಬಾಗಿಲ ಹತ್ತಿರ ನಿಂತಿದ್ದವರು ಏನೂ ಹೇಳಲಿಲ್ಲ. ನನಗೆ ಹೊಟ್ಟೆಯಲ್ಲಿ ಕಲ್ಲು ಹಾಕಿದ ಹಾಗಾಯಿತು.

"ಥರ್ಮಾಕೋಲ್ ತೇಲಿದೆ ಅಷ್ಟೇ. ಪ್ಲಗ್ ಕೀಳು," ಅಂದರು ಮಾವ.

ಮತ್ತೆ ಎಲ್ಲ ಬಿಚ್ಚಿ ಮಲಗಿಸಿ ನೋಡಿದರೆ ಮೇಲಿನ ಸೀಲಿನ ಒಂದು ಅಂಚು ಒಳಕ್ಕೆ ಮಡಚಿತ್ತು. ನಿಂತ ನೀರು ಅಲ್ಲಿ ಸೋರಲು ಕಾರಣವೇ ಇಲ್ಲ, ಅಷ್ಟು ಎತ್ತರಕ್ಕೆ ಅದು ಬರುವುದೇ ಇಲ್ಲ. ಪಂಪ್ ಓಡಿ ಒತ್ತಡ ಬಿದ್ದಾಗ ಮಾತ್ರ ಅಲ್ಲಿಂದ ಪಿಚಕಾರಿ ಹೊಡೆದಿದೆ. ನಮ್ಮ ಜಗ್ಗಿನ ಪರೀಕ್ಷೆ ಕೆಳಗಿನ ಸೀಲಿಗೆ ಮಾತ್ರ ಆಗಿತ್ತು. ಥರ್ಮಾಕೋಲ್ ಇರದಿದ್ದರೆ ಆ ನೀರು ನೆಲಕ್ಕೆ ಹರಿಯುತ್ತಿತ್ತು.

ಈ ಸಲ ಅವಸರ ಮಾಡಲಿಲ್ಲ. ಸೀಲ್ ಪೂರ್ತಿ ತೆಗೆದು, ಒರೆಸಿ, ಮತ್ತೆ ಲಿಕ್ವಿಡ್ ಸವರಿ ಕೂರಿಸಿದೆ. ಕಣ್ಣಿಗೆ ಕಾಣದ ಕಡೆ ಕಿರುಬೆರಳು ಹಾಕಿ ಅಂಚನ್ನು ಸುತ್ತಲೂ ತಡವಿದೆ. ತಮ್ಮನ ಕೈಯಲ್ಲೂ ತಡವಿಸಿದೆ. ಅವನ ಬೆರಳು ಇನ್ನೂ ತೆಳ್ಳಗಿದೆ, ಹಿಂದಿನವರೆಗೂ ಹೋಯಿತು. "ಎಲ್ಲೂ ಮಡಿಕೆ ಇಲ್ಲ ಅಕ್ಕ" ಅಂದ ಮೇಲೆಯೇ ಕ್ಲಿಪ್ ಬಿಗಿದದ್ದು. ತಳದ ತಟ್ಟೆಯ ನೀರನ್ನು ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿದೆವು, ಥರ್ಮಾಕೋಲ್ ಕೆಳಗೆ ಕೂರದಿದ್ದರೆ ಮಿಷನ್ ಶುರುವೇ ಆಗುವುದಿಲ್ಲ.

ಉಪ್ಪು ತುಂಬಿದ್ದೂ ಆಗಲೇ. ಡಿಶ್‌ವಾಷರ್‌ಗೆ ಅಂತಲೇ ಬರುವ ಉಪ್ಪು. ಅಡುಗೆ ಉಪ್ಪಿನಲ್ಲಿ ಗಂಟು ಕಟ್ಟದಿರಲಿ ಅಂತ ಬೇರೆ ಪುಡಿ ಸೇರಿಸಿರುತ್ತಾರೆ, ಅದು ಇಲ್ಲಿ ಆಗುವುದಿಲ್ಲ. ತುಂಬುವಾಗ ಹೊರಗೆ ಚೆಲ್ಲಿದ ಉಪ್ಪುನೀರು ಸ್ಟೀಲನ್ನು ತಿನ್ನುತ್ತದೆ, ಅದಕ್ಕೇ ತುಂಬಿದ ತಕ್ಷಣ ಒಂದು ಸುತ್ತು ಓಡಿಸಬೇಕು. ನೀರಿನ ಗಡಸುತನ ಎಷ್ಟೆಂದು ಪರೀಕ್ಷಾ ಪಟ್ಟಿ ಅದ್ದಿ ನೋಡಿ, ಮಿಷನ್‌ನ ಸೆಟ್ಟಿಂಗ್‌ನಲ್ಲಿ ಅದಕ್ಕೆ ತಕ್ಕ ಅಂಕಿ ಇಟ್ಟೆ. ಎಂಟು ವರ್ಷದಲ್ಲಿ ಅದನ್ನು ಒಮ್ಮೆಯೂ ಬದಲಾಯಿಸಿರಲಿಲ್ಲ.

70 ಡಿಗ್ರಿಯ ಪ್ರೋಗ್ರಾಂ. ಪ್ಲಗ್ಗಿನ ನಡುವೆ ಅದೇ ಕರೆಂಟ್ ಮೀಟರ್. ನಾಲ್ಕೂ ಜನ ಅದರ ಎದುರು ಕೂತೆವು. ನೀರು ತುಂಬುವಾಗ ಐದಾರು ವಾಟ್. ಪಂಪ್ ಶುರುವಾದಾಗ ಅರವತ್ತರ ಹತ್ತಿರ. ಒಂದು ನಿಮಿಷ ಅಲ್ಲೇ ನಿಂತಿತು. ಆಮೇಲೆ ಒಳಗೆ ಟಿಕ್ ಅಂತ ಒಂದು ಸಣ್ಣ ಸದ್ದು, ರಿಲೇಯದು. ಅಂಕಿ 2190ಕ್ಕೆ ಹಾರಿತು. ತಮ್ಮ ಚಪ್ಪಾಳೆ ಹೊಡೆದ. ಮಾವ ಮಾತ್ರ ಟಾರ್ಚ್ ಹಿಡಿದು ತಳದ ಕಡೆಯೇ ಬಗ್ಗಿದ್ದರು. ನಾಲ್ಕು ಲೀಟರ್ ನೀರನ್ನು 25ರಿಂದ 65 ಡಿಗ್ರಿಗೆ ಏರಿಸಲು ಇಷ್ಟು ವಾಟ್‌ಗೆ ಬರೀ ಐದಾರು ನಿಮಿಷ ಸಾಕು. ಆದರೆ ಪಾತ್ರೆ, ಸ್ಟೀಲ್ ಗೋಡೆ ಎಲ್ಲ ಬಿಸಿಯಾಗಬೇಕಲ್ಲ, ಅದಕ್ಕೇ ಅದರ ಎರಡು ಮೂರು ಪಟ್ಟು ಹೊತ್ತು ಬೇಕಾಯಿತು. ಮಿಷನ್‌ನ ಬಾಗಿಲಿಗೆ ಕೈ ಇಟ್ಟರೆ ಬೆಚ್ಚಗಾಗುತ್ತ ಬರುವುದು ತಿಳಿಯುತ್ತಿತ್ತು.

ಟಿಶ್ಯೂ ಈ ಸಲ ಕೊನೆಯವರೆಗೂ ಒಣಗಿತ್ತು. ಮರುದಿನ, ಅದರ ಮರುದಿನವೂ ಕೆಳಗಿನ ಪಟ್ಟಿ ತೆಗೆದು ನೋಡಿದೆ. ಒಂದು ಹನಿಯಿಲ್ಲ. ಮೂರನೇ ದಿನ ಮಿಷನ್ನನ್ನು ಅದರ ಜಾಗಕ್ಕೆ ತಳ್ಳಿ ಸ್ಕ್ರೂ ಬಿಗಿದೆವು.

ಆ ರಾತ್ರಿ ಮಿಷನ್ ನಿಂತಾಗ ಅಮ್ಮ ಎಂದಿನ ಹಾಗೆ ಬಾಗಿಲು ತೆಗೆದರು. ಹಬೆ ಎದ್ದು ಅವರ ಕನ್ನಡಕ ಮಂಜಾಯಿತು. ತಟ್ಟೆಯೊಂದಕ್ಕೆ ಕೈ ಹಾಕಿ ತಟ್ಟನೆ ಹಿಂದಕ್ಕೆ ಎಳೆದುಕೊಂಡರು. ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತ, "ಇನ್ನೊಂದು ಹತ್ತು ನಿಮಿಷ ಬಿಡೇ, ಈಗ ಮುಟ್ಟೋಕಾಗಲ್ಲ" ಅಂದರು.